ಸುಮ್ಮನಿರುವುದೇ ಸಮಾಧಾನವೇ? ಅಣ್ಣನ ಮಗಳ ಪ್ರಶ್ನೆಗೆ ಉತ್ತರ

ಎಲ್ಲರಿಗೂ ನಮಸ್ಕಾರ. ಈ ಸಂದೇಶ ಉದ್ದವಾಗುತ್ತದೆ, ಒಲೆಯ ಮುಂದೆ ನಿಂತವರು ಫೋನನ್ನು ಪಕ್ಕಕ್ಕಿಟ್ಟುಕೊಂಡು ಕೇಳಬಹುದು. ಬಾಯಿಗೆ ಬಂದಂತೆ ಮಾತನಾಡಿದರೆ ವಿಷಯ ಎಲ್ಲಿಂದೆಲ್ಲಿಗೋ ಹೋಗುತ್ತದೆಂದು ಹಾಳೆಯ ಮೇಲೆ ಬರೆದುಕೊಂಡೇ ಓದುತ್ತಿದ್ದೇನೆ. ಶಾಲಾ ಮಾಸ್ತರನಾಗಿದ್ದವನ ಚಾಳಿ ನಿವೃತ್ತಿಯಾದರೂ ಬಿಡುವುದಿಲ್ಲ. ನಮ್ಮ ಮನೆಮಾತು ಕೊಂಕಣಿಯಾದರೂ ಶಿರಸಿ, ಹಳಿಯಾಳದ ಕಡೆಯಿಂದ ಬಂದ ಸೊಸೆಯಂದಿರಿಗೂ ತಿಳಿಯಲಿ ಎಂದು ಕನ್ನಡದಲ್ಲಿಯೇ ಹೇಳುತ್ತೇನೆ.

ಅಣ್ಣನ ಮಗಳು ನಿನ್ನೆ ರಾತ್ರಿ ಕೇಳಿದ್ದು ಇದು. ನವೆಂಬರ್ 1, ಸಕಲ ಸಂತರ ಹಬ್ಬದ ದಿನ ಚರ್ಚಿನ ಬಲಿಪೂಜೆಯಲ್ಲಿ, ಅಂದರೆ ಮಾಸ್‌ನಲ್ಲಿ, ಪ್ರತಿ ವರ್ಷದಂತೆ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ ಆರಂಭವನ್ನು ಓದಿದರು. ನಿರ್ಮಲ ಹೃದಯದವರು ದೇವರನ್ನು ಕಾಣುವರು, ಸಮಾಧಾನಪಡಿಸುವವರು ದೇವರ ಮಕ್ಕಳು ಎನಿಸಿಕೊಳ್ಳುವರು ಎಂಬ ಎರಡು ಮಾತುಗಳು ಅವಳ ಮನಸ್ಸಿನಲ್ಲಿ ಕುಳಿತುಬಿಟ್ಟಿವೆ. ಏಕೆಂದರೆ ಅಂಕೋಲೆಯ ಅಜ್ಜ ಅಜ್ಜಿಯ ಮನೆಯ ವಿಷಯದಲ್ಲಿ ಅವಳ ಅಮ್ಮನಿಂದ, ಅಂದರೆ ನಮ್ಮ ಅತ್ತಿಗೆಯಿಂದ, ತವರಿನವರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಒಂದು ಮಾತು ಎತ್ತಿದರೆ ಸಾಕು, ಕುಟುಂಬದ ಶಾಂತಿ ಕೆಡಿಸಬೇಡಿ ಎನ್ನುತ್ತಾರೆ. ಹಾಗಾದರೆ ಸಮಾಧಾನವೆಂದರೆ ಬಾಯಿ ಮುಚ್ಚಿಕೊಂಡಿರುವುದೇ? ಒಳಗೆ ಇಷ್ಟು ಸಿಟ್ಟು ಇಟ್ಟುಕೊಂಡು ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು, ಪರಮಪ್ರಸಾದವನ್ನು, ಸ್ವೀಕರಿಸಬಹುದೇ? ಅವಳ ಪ್ರಶ್ನೆಗಳು ಇವೆರಡು. ಗುಂಪಿನಲ್ಲಿ ಕೆಲವರು ಕೈಮುಗಿದ ಚಿತ್ರ ಕಳುಹಿಸಿದಿರಿ. ಒಬ್ಬರು, ಬಿಟ್ಟುಬಿಡು ಮಗಳೇ, ದೇವರು ನೋಡಿಕೊಳ್ಳುತ್ತಾನೆ ಎಂದಿರಿ. ಪ್ರೀತಿಯಿಂದಲೇ ಹೇಳಿದ್ದೀರಿ, ಆದರೆ ಆ ಉತ್ತರ ನನಗೆ ಸಾಲದೆನಿಸಿತು. ಆ ಮನೆಯಲ್ಲಿ ನನಗಾಗಲಿ ಅಣ್ಣನಿಗಾಗಲಿ ಪಾಲಿಲ್ಲ. ಅತ್ತಿಗೆಯ ತವರಿನವರು ಈ ಗುಂಪಿನಲ್ಲಿಯೂ ಇಲ್ಲ. ಅದಕ್ಕಾಗಿ ಸ್ವಲ್ಪ ಬಿಡಿಸಿ ಮಾತನಾಡುವ ಧೈರ್ಯ ಮಾಡುತ್ತಿದ್ದೇನೆ.

ಮೊದಲು ಸಿಟ್ಟಿನ ಮಾತು. ಸಿಟ್ಟು ಬಂದ ಮಾತ್ರಕ್ಕೆ ಹೃದಯ ಅಶುದ್ಧವಾಗುವುದಿಲ್ಲ, ಮಗಳೇ. ಅಮ್ಮನಿಗೆ ಅನ್ಯಾಯವಾಗುತ್ತಿದೆ ಎಂದು ಕಂಡಾಗ ಮಗಳಿಗೆ ಸಿಟ್ಟು ಬಾರದಿದ್ದರೆ ಅದೇ ಆಶ್ಚರ್ಯ. ಸಿಟ್ಟು ಮಾಡಿದರೂ ಪಾಪ ಮಾಡಬೇಡಿ, ಸಿಟ್ಟಿನಲ್ಲಿಯೇ ಸೂರ್ಯ ಮುಳುಗಲು ಬಿಡಬೇಡಿ ಎಂದು ಸಂತ ಪೌಲರು ಎಫೆಸದವರಿಗೆ ಬರೆಯುತ್ತಾರೆ. ಅಂದರೆ ಸಿಟ್ಟು ಬರುತ್ತದೆ ಎಂಬುದನ್ನು ಒಪ್ಪಿಕೊಂಡೇ ಅದಕ್ಕೊಂದು ಗಡುವು ಹಾಕುತ್ತಾರೆ. ಆ ಮನುಷ್ಯನಿಗೆ ಕೆಡುಕಾಗಲಿ, ಅವನು ನಾಲ್ಕು ಜನರ ಮುಂದೆ ತಲೆತಗ್ಗಿಸಲಿ ಎಂದು ಆಶಿಸುತ್ತ ಆ ಆಸೆಗೆ ದಿನವೂ ಹಾಲೆರೆಯುವುದು ಬೇರೆ ಸಂಗತಿ. ಅದು ನಿನ್ನಲ್ಲಿ ಇದೆಯೋ ಇಲ್ಲವೋ ನೀನೇ ನೋಡಿಕೊಳ್ಳಬೇಕು. ಇದ್ದರೆ ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆ ಹೋಗು, ಪರಮಪ್ರಸಾದವನ್ನು ತಪ್ಪಿಸಿಕೊಂಡು ಕುಳಿತುಕೊಳ್ಳಬೇಡ. ಅಲ್ಲಿ ನಿನ್ನ ಪಾಪವನ್ನಷ್ಟೇ ಹೇಳು. ನಮ್ಮಲ್ಲಿ ಅನೇಕರು ಮೊಣಕಾಲೂರಿ ಅತ್ತೆಯ, ನಾದಿನಿಯ, ಪಕ್ಕದ ಮನೆಯವರ ಪಾಪಗಳನ್ನೆಲ್ಲ ನಿವೇದಿಸಿ ಹಗುರಾಗಿ ಎದ್ದು ಬರುತ್ತಾರೆ, ಪಾಪ, ಫಾದರ್ ಕೇಳಿಸಿಕೊಳ್ಳುತ್ತಾರೆ.

ಸುವಾರ್ತೆಯಲ್ಲಿ ನಿರ್ಮಲ ಹೃದಯದ ಮಾತು ಮೊದಲು ಬಂದು ಸಮಾಧಾನದ ಮಾತು ಅದರ ಮರುವಚನದಲ್ಲಿಯೇ ಬರುತ್ತದೆ. ಯಕೋಬನ ಪತ್ರದ ಮೂರನೆಯ ಅಧ್ಯಾಯದಲ್ಲಿಯೂ ಮೇಲಿನಿಂದ ಬರುವ ಜ್ಞಾನ ಮೊದಲು ಪರಿಶುದ್ಧವಾದದ್ದು, ಆಮೇಲೆ ಸಮಾಧಾನಕರವಾದದ್ದು ಎಂದಿದೆ. ಈ ಕ್ರಮವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ರಾಜಿ ಮಾಡಿಸಲು ಹೊರಟವನಿಗೆ ಅದರಿಂದ ತನಗೆ ಏನು ಬೇಕು ಎಂಬುದು ಸ್ಪಷ್ಟವಿಲ್ಲದಿದ್ದರೆ ಅವನು ಜಗಳದ ಮೂರನೆಯ ಪಕ್ಷವಾಗುತ್ತಾನೆ. ಒಬ್ಬನಿಗೆ ಹಿರಿಯ ಎನಿಸಿಕೊಳ್ಳಬೇಕು. ಇನ್ನೊಬ್ಬನಿಗೆ ಹಬ್ಬದೂಟಕ್ಕೆ ಎಲ್ಲರೂ ಸೇರಿದ ಒಂದು ಫೋಟೋ ಬೇಕು. ಮತ್ತೊಬ್ಬನಿಗೆ ಗಲಾಟೆ ತನ್ನ ಕಿವಿಗೆ ಬೀಳದಿದ್ದರೆ ಸಾಕು. ನ್ಯಾಯವೂ ನಿಲ್ಲಬೇಕು, ಎದುರಿನವನೂ ನನ್ನವನಾಗಿ ಉಳಿಯಬೇಕು ಎಂದು ಬಯಸುವವರು ವಿರಳ. ಆ ಒಂದೇ ಬಯಕೆಯಲ್ಲಿ ನಿಂತ ಹೃದಯವನ್ನೇ ಕರ್ತರು ನಿರ್ಮಲ ಎಂದು ಕರೆದರೆಂದು ನಾನು ತಿಳಿದಿದ್ದೇನೆ.

ಅದು ತಾನಾಗಿ ಬರುವುದಿಲ್ಲ. ದಾವೀದರಾಜನ ಕತೆ ನಿಮಗೆಲ್ಲ ಗೊತ್ತು. ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ ಮೇಲೆಯೂ ಅರಮನೆಯಲ್ಲಿ ಎಲ್ಲವೂ ಶಾಂತವಾಗಿತ್ತು. ಯಾರೂ ತುಟಿ ಬಿಚ್ಚಿರಲಿಲ್ಲ. ಪ್ರವಾದಿ ನಾತಾನನು ಬಂದು, ಬಡವನ ಮನೆಯಲ್ಲಿ ಮಗಳಂತೆ ಬೆಳೆದ ಒಂದೇ ಒಂದು ಕುರಿಮರಿಯನ್ನು ಸಿರಿವಂತನು ಕಿತ್ತುಕೊಂಡ ಕತೆ ಹೇಳಿದಾಗ ದಾವೀದನು ಕೆರಳಿ, ಅಂಥವನಿಗೆ ಮರಣವೇ ಸರಿ ಎಂದನು. ಆ ಮನುಷ್ಯ ನೀನೇ ಎಂದು ನಾತಾನನು ಹೇಳುವವರೆಗೂ ಅವನಿಗೆ ತನ್ನ ಮುಖ ಕಾಣಿಸಲಿಲ್ಲ. ಐವತ್ತೊಂದನೆಯ ಕೀರ್ತನೆಯ ತಲೆಬರಹವೇ ಅದನ್ನು ಆ ಸಂದರ್ಭಕ್ಕೆ ಸೇರಿಸುತ್ತದೆ. ಅದರಲ್ಲಿ ಅವನು, ನನ್ನ ಹೃದಯವನ್ನು ನಾನೇ ತಿಕ್ಕಿ ತೊಳೆಯುತ್ತೇನೆ ಎನ್ನುವುದಿಲ್ಲ. ಶುದ್ಧ ಹೃದಯವೊಂದನ್ನು ನನ್ನಲ್ಲಿ ನಿರ್ಮಿಸು ಎಂದು ದೇವರನ್ನು ಬೇಡುತ್ತಾನೆ. ಬೇಡುವುದು ನಮ್ಮ ಕೆಲಸ. ಬೇಡುವ ಮೊದಲು ನಾತಾನನಂಥವರ ಮಾತಿಗೆ ಕಿವಿಗೊಡುವುದೂ ನಮ್ಮದೇ ಕೆಲಸ.

ನಮ್ಮ ಕಾಲದ ಒಂದು ಉದಾಹರಣೆ ಕೊಡುತ್ತೇನೆ, ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಡಿ. ಮನೆಯಲ್ಲಿ ಯಾರೊಂದಿಗೋ ಮುನಿಸಾಗುತ್ತದೆ. ಬೆಳಿಗ್ಗೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಕ್ಷಮೆಯ ಬಗ್ಗೆ ಒಂದು ದೇವವಾಕ್ಯ, ಹಿಂದೆ ಸೂರ್ಯೋದಯದ ಚಿತ್ರ. ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಯಾರು ಯಾರು ನೋಡಿದರೆಂಬ ಪಟ್ಟಿ ತೆರೆದು, ಆ ಒಂದು ಹೆಸರು ಬಂದಿತೋ ಇಲ್ಲವೋ ಎಂದು ಹುಡುಕುವುದು. ಸಂಜೆಯವರೆಗೂ ಬರದಿದ್ದರೆ, ನೋಡಿದೆಯಾ, ಬೇಕೆಂದೇ ನೋಡಿಲ್ಲ ಎಂದು ಮತ್ತೊಂದು ಮುನಿಸು. ವಾಕ್ಯ ಪವಿತ್ರವೇ, ಆದರೆ ಅದನ್ನು ಕಲ್ಲಿನಂತೆ ಎಸೆದಿದ್ದೇವೆ. ಒಂದು ಸಂದೇಶ ಕಳುಹಿಸುವ ಮೊದಲು, ಇದು ಯಾರ ಕಣ್ಣಿಗೆ ಬೀಳಬೇಕೆಂದು ನನಗೆ ಆಸೆ ಎಂದು ಕೇಳಿಕೊಂಡರೆ ಆ ದಿನದ ಆತ್ಮಶೋಧನೆ ಅರ್ಧ ಮುಗಿದಂತೆ. ಇನ್ನೊಂದು ಅಭ್ಯಾಸವನ್ನೂ ಹೇಳುತ್ತೇನೆ: ಎದುರಿನವರಿಗಾಗಿ ಅವರ ಹೆಸರು ಹಿಡಿದು, ಅವರಿಗೆ ನಿಜವಾಗಿ ಬೇಕಾದದ್ದನ್ನು ದೇವರಲ್ಲಿ ಕೇಳುವುದು. ಅವರಿಗೆ ಒಳ್ಳೆಯ ಬುದ್ಧಿ ಕೊಡು ಎಂಬ ಪ್ರಾರ್ಥನೆ ಲೆಕ್ಕಕ್ಕಿಲ್ಲ, ಅದು ದೂರು. ಸೋದರಮಾವನ ಮಂಡಿನೋವು ಕಡಿಮೆಯಾಗಲಿ, ಕುವೈತಿನಲ್ಲಿರುವ ಅವರ ಮಗನ ಕೆಲಸ ನಿಲ್ಲಲಿ ಎಂದು ಜಪಸರದ ಒಂದು ದಶಕವನ್ನು, ಅಂದರೆ ಹತ್ತು ಮಣಿಗಳ ಪ್ರಾರ್ಥನೆಯನ್ನು, ಅರ್ಪಿಸಿ ನೋಡು. ಮೊದಮೊದಲು ನಾಲಿಗೆ ತಡೆಯುತ್ತದೆ, ಪರವಾಗಿಲ್ಲ.

ಈಗ ಸುಮ್ಮನಿರುವ ಮಾತು. ನನ್ನ ಜನರ ಗಾಯವನ್ನು ಮೇಲೆ ಮೇಲೆ ವಾಸಿ ಮಾಡಿ, ಸಮಾಧಾನವಿಲ್ಲದಿರುವಾಗ ಸಮಾಧಾನ, ಸಮಾಧಾನ ಎನ್ನುತ್ತಾರೆ ಎಂದು ಯೆರೆಮೀಯ ಪ್ರವಾದಿಯ ಆರನೆಯ ಅಧ್ಯಾಯದಲ್ಲಿ ದೇವರೇ ದೂರುತ್ತಾನೆ. ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ನಮ್ಮ ಸಮುದಾಯದಲ್ಲಿ ನಡೆಯುವುದು ಅನೇಕ ಸಲ ಇದೇ. ನಾನು ವಕೀಲನಲ್ಲ, ಆದರೆ ಇಷ್ಟು ಎಲ್ಲರಿಗೂ ತಿಳಿದಿರಬೇಕು: ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ತಂದೆ ತಾಯಿ ವಿಲ್ ಬರೆಯದೆ ತೀರಿಕೊಂಡರೆ ಮಗನಿಗೂ ಮಗಳಿಗೂ ಅದರಲ್ಲಿ ಸಮಪಾಲು. ಮದುವೆಯಾಗಿ ಹೋದ ಮಗಳು ಎಂಬ ಭೇದ ಅಲ್ಲಿಲ್ಲ. ಮಾಜಾಳಿ ಗಡಿ ದಾಟಿದರೆ ಗೋವಾದ ನಮ್ಮ ನೆಂಟರಿಗೆ 1867ರ ಪೋರ್ಚುಗೀಸ್ ಸಂಹಿತೆಯಿಂದ ಬಂದ ಬೇರೆ ಕಾನೂನು ಇದೆ, ಅವರು ಹೇಳಿದ್ದನ್ನು ಇಲ್ಲಿಗೆ ಎಳೆದು ಗೊಂದಲ ಮಾಡಿಕೊಳ್ಳಬಾರದು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಒಮ್ಮೆ ನೋಂದಣಿಯಾದರೆ ಹಿಂದಕ್ಕೆ ಬರುವುದು ಸುಲಭವಲ್ಲ. ಅಂಥ ಕಾಗದವನ್ನು ಊಟದ ನಡುವೆ, ಬಟ್ಟಲು ಎತ್ತುವ ಹೊತ್ತಿನಲ್ಲಿ ಮುಂದಿಟ್ಟು, ಇಲ್ಲೊಂದು ಸಹಿ ಅಕ್ಕಾ ಎನ್ನುವುದನ್ನು ನಾನು ಶಾಂತಿಯೆಂದು ಕರೆಯಲಾರೆ.

ಆದರೆ ಅನ್ಯಾಯವನ್ನು ಯಾಕೆ ಸಹಿಸಬಾರದು, ನಷ್ಟವನ್ನು ಯಾಕೆ ತಾಳಬಾರದು ಎಂದು ಪೌಲರು ಕೊರಿಂಥದವರಿಗೆ ಬರೆದಿದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ಬರೆದಿದ್ದಾರೆ. ಅದರ ಮುಂದಿನ ವಚನವನ್ನೂ ಓದಬೇಕು: ನೀವೇ ಅನ್ಯಾಯ ಮಾಡುತ್ತೀರಿ, ನೀವೇ ವಂಚಿಸುತ್ತೀರಿ, ಅದೂ ಸಹೋದರರನ್ನು ಎಂದು ಅದೇ ಉಸಿರಿನಲ್ಲಿ ಗದರಿಸಿದ್ದಾರೆ. ಮೊದಲ ವಚನವನ್ನು ತಂಗಿಗೆ ಓದಿ ಹೇಳಿ ಎರಡನೆಯದನ್ನು ತನ್ನ ಜೇಬಿಗೆ ಹಾಕಿಕೊಳ್ಳುವ ಅಣ್ಣನಿಗೆ ಪೌಲರ ಬೆಂಬಲವಿಲ್ಲ. ಅಬ್ರಹಾಮ ಮತ್ತು ಅವನ ಸಹೋದರನ ಮಗ ಲೋಟರ ಮಂದೆಗಾರರಿಗೆ ಹುಲ್ಲುಗಾವಲಿನ ವಿಷಯದಲ್ಲಿ ಜಗಳವಾದಾಗ, ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ, ನೀನು ಬಲಕ್ಕೆ ಹೋದರೆ ನಾನು ಎಡಕ್ಕೆ ಎಂದು ಆಯ್ಕೆಯನ್ನು ಬಿಟ್ಟುಕೊಟ್ಟವನು ಯಾರು? ಹಿರಿಯನೂ ಬಲಶಾಲಿಯೂ ಆದ ಅಬ್ರಹಾಮ. ಕೀಲಿಕೈ ಯಾರ ಸೊಂಟದಲ್ಲಿದೆಯೋ ಅವರು ಬಿಟ್ಟುಕೊಟ್ಟರೆ ಜಗಳ ಮುಗಿಯುತ್ತದೆ. ಏನೂ ಇಲ್ಲದವರ ಕೈಯಿಂದ ಬಿಡಿಸಿಕೊಂಡರೆ ಅದು ಮುಂದಿನ ತಲೆಮಾರಿಗೆ ದಾಟುತ್ತದೆ, ಕಾರವಾರದ ನ್ಯಾಯಾಲಯದ ಜಗಲಿಯಲ್ಲಿ ಅರ್ಧ ದಿನ ಕುಳಿತರೆ ಯಾರಿಗಾದರೂ ತಿಳಿಯುವ ಸಂಗತಿ.

ಇಷ್ಟೆಲ್ಲ ಹೇಳಿದ ಮೇಲೆ, ಮಗಳೇ, ನಿನ್ನ ಕಡೆಗೂ ಒಂದು ಮಾತು. ನನ್ನ ಅಣ್ಣನಿಗೆ ಆಸ್ತಿ ಪಾಲು ಮಾಡಿಕೊಡಲು ಹೇಳು ಎಂದು ಒಬ್ಬನು ಯೇಸುಸ್ವಾಮಿಯನ್ನು ಕೇಳಿದಾಗ, ನನ್ನನ್ನು ನಿಮಗೆ ನ್ಯಾಯಾಧಿಪತಿಯಾಗಿ ನೇಮಿಸಿದವರು ಯಾರು ಎಂದು ಕೇಳಿ, ಎಲ್ಲ ಬಗೆಯ ದುರಾಸೆಗೂ ಎಚ್ಚರವಾಗಿರಿ ಎಂದು ಅವರು ಅಲ್ಲಿದ್ದವರಿಗೆಲ್ಲ ಹೇಳಿದರು. ಪಾಲು ಕೇಳುವುದು ತಪ್ಪೆಂದು ಅವರು ಹೇಳಲಿಲ್ಲ. ಕೇಳುವವನೂ ತನ್ನ ಒಳಗನ್ನು ನೋಡಿಕೊಳ್ಳಲಿ ಎಂದರು. ಅಜ್ಜಿ ಹಾಸಿಗೆ ಹಿಡಿದ ಕಾಲದಲ್ಲಿ ರಾತ್ರಿ ಎದ್ದು ಮಗ್ಗುಲು ತಿರುಗಿಸಿದವರು ನಿನ್ನ ಮಾವ ಮತ್ತು ಅತ್ತೆ. ಪ್ರತಿ ವರ್ಷ ಮಳೆಗೆ ಮೊದಲು ಹೆಂಚು ಸರಿಸಿ, ಇರಚಲು ಹೊಡೆಯದಂತೆ ಪಡುವಣ ಗೋಡೆಗೆ ಮಡಲಿನ ತಟ್ಟಿ ಕಟ್ಟಿ ಆ ಮನೆಯನ್ನು ನಿಲ್ಲಿಸಿದವರೂ ಅವರೇ. ಅದರ ಖರ್ಚನ್ನು ನೀವು ಯಾರಾದರೂ ಕೇಳಿದ್ದೀರಾ? ಅವರ ಮೊಂಡುತನದ ಹಿಂದೆ ದುರಾಸೆಯೇ ಇರಬೇಕೆಂದಿಲ್ಲ, ಯಾರೂ ಒಂದು ಒಳ್ಳೆಯ ಮಾತನ್ನೂ ಹೇಳಲಿಲ್ಲವೆಂಬ ನೋವೂ ಇರಬಹುದು.

ಕಾಣಿಕೆಯನ್ನು ಬಲಿಪೀಠದ ಮುಂದೆ ಇಟ್ಟಿರುವಾಗ ನಿನ್ನ ಮೇಲೆ ಸಹೋದರನಿಗೆ ಏನೋ ಮನಸ್ತಾಪವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಅದೇ ಐದನೆಯ ಅಧ್ಯಾಯದಲ್ಲಿದೆ. ಇಲ್ಲಿ ಮನಸ್ತಾಪ ಇರುವುದು ಅವನಿಗೆ, ಆದರೂ ಎದ್ದು ಹೋಗಬೇಕಾದವನು ನಾನು. ಈ ಮಾತನ್ನು ಯೇಸುಸ್ವಾಮಿ ಹೇಳಿದ್ದು ಗಲಿಲಾಯದಲ್ಲಿ. ಬಲಿಪೀಠವಿದ್ದದ್ದು ನೂರು ಕಿಲೋಮೀಟರಿಗೂ ಹೆಚ್ಚು ದೂರದ ಜೆರುಸಲೇಮಿನಲ್ಲಿ. ಹೆಚ್ಚುಕಡಿಮೆ ಭಟ್ಕಳದಿಂದ ಕಾರವಾರಕ್ಕೆ ಕಾಲ್ನಡಿಗೆಯಲ್ಲಿ ಬಂದು, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಭಟ್ಕಳಕ್ಕೆ ಮರಳಿ ನಡೆದಂತೆ. ನಾವೋ, ಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳಿ ಎಂದಾಗ ಮುಂದಿನ ಬೆಂಚಿನ ಅಪರಿಚಿತನಿಗೆ ನಗುತ್ತ ಕೈಮುಗಿಯುತ್ತೇವೆ, ಪಕ್ಕದ ಸಾಲಿನ ಸ್ವಂತ ತಮ್ಮನ ಕಡೆಗೆ ಮಾತ್ರ ಕತ್ತು ತಿರುಗುವುದಿಲ್ಲ.

ಹೇಗೆ ಹೋಗಬೇಕೆಂಬುದೂ ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿದೆ: ಮೊದಲು ನೀವಿಬ್ಬರೇ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು, ಆಮೇಲೆ ಧರ್ಮಸಭೆ. ನಾವು ಇದನ್ನು ತಲೆಕೆಳಗು ಮಾಡಿ ಮೊದಲು ಊರಿಗೆ ಹೇಳುತ್ತೇವೆ. ಅತ್ತಿಗೆ ತಾವೇ ಹೋಗಿ ಮಾತನಾಡಲಿ, ನೀನು ಜೊತೆಗೆ ಕುಳಿತಿರು, ಬಾಯಿ ಹಾಕಬೇಡ. ಅಜ್ಜಿಯನ್ನು ನೋಡಿಕೊಂಡದ್ದಕ್ಕೆ ಕೃತಜ್ಞತೆ ಮೊದಲು ಬರಲಿ. ಅದರ ಬೆನ್ನಿಗೆ 'ಆದರೆ' ಎಂದು ಶುರು ಮಾಡಬೇಡಿ. ಪಾಲಿನ ಮಾತನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡರೂ ಆಗುತ್ತದೆ. ಆ ದಿನ ಪಹಣಿ ಮತ್ತು ಮನೆ ಕರದ ರಸೀದಿಗಳು ಮೇಜಿನ ಮೇಲಿರಲಿ, ಅವರ ಖರ್ಚಿನ ಲೆಕ್ಕವೂ ಇರಲಿ. ಗಡಿಯ ಬಗ್ಗೆ ಅನುಮಾನವಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಅಳೆಯಿಸಿ. ಅಳತೆಯ ಸರಪಳಿಗೆ ಯಾರ ಮೇಲೂ ದ್ವೇಷವಿಲ್ಲ. ಎಲ್ಲ ತಿಳಿದ ಮೇಲೆ ಅತ್ತಿಗೆ ಪಾಲನ್ನು ತೆಗೆದುಕೊಳ್ಳಬಹುದು, ಹಣವಾಗಿ ಪಡೆಯಬಹುದು, ಅಥವಾ ತಮ್ಮನಿಗೆ ಸಂತೋಷದಿಂದ ಬಿಟ್ಟುಕೊಡಲೂಬಹುದು. ಅದು ಅವರೊಬ್ಬರ ನಿರ್ಧಾರ. ನಿನ್ನದೂ ಅಲ್ಲ, ನನ್ನದೂ ಅಲ್ಲ.

ಇಷ್ಟಾದರೂ ಅವರು ಬಾಗಿಲು ತೆರೆಯದಿದ್ದರೆ? ಸಾಧ್ಯವಾದರೆ, ನಿಮ್ಮಿಂದಾಗುವಷ್ಟು ಮಟ್ಟಿಗೆ, ಎಲ್ಲರೊಂದಿಗೆ ಸಮಾಧಾನದಿಂದಿರಿ ಎಂದು ರೋಮಾದವರಿಗೆ ಬರೆದ ಪತ್ರದಲ್ಲಿದೆ. ಸಾಧ್ಯವಾಗದಿರಬಹುದೆಂಬುದು ಪೌಲರಿಗೂ ಗೊತ್ತಿತ್ತು. ಆಗ ವಕೀಲರ ಬಳಿಗೆ ಹೋಗುವುದರಲ್ಲಿ ಪಾಪವಿಲ್ಲ, ಸುಳ್ಳು ಬರೆಸದಿದ್ದರೆ ಸಾಕು. ಇದು ಆಸ್ತಿಯ ಮಾತು. ಹೊಡೆತ ಬಡಿತ ಇರುವ ಮನೆಯಲ್ಲಿ ಹೆಣ್ಣಿಗೆ ಸಮಾಧಾನದ ಉಪದೇಶ ಮಾಡುವವರನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಮೊದಲು ಅವಳನ್ನು ಹೊರಗೆ ಕರೆತರಬೇಕು, ಉಪದೇಶ ಹೊಡೆದವನಿಗೆ.

ಇಂದು ನವೆಂಬರ್ 2, ಮೃತರ ಸ್ಮರಣೆಯ ದಿನ, ಸಂಜೆ ಸಮಾಧಿಗಳ ಆಶೀರ್ವಾದಕ್ಕೆ ನೀವೂ ಅಂಕೋಲೆಗೆ ಹೋಗುತ್ತೀರಿ, ಅವರೂ ಬರುತ್ತಾರೆ. ಕಳೆದ ವರ್ಷ ಒಂದೇ ಸಮಾಧಿಗೆ ಎರಡು ಕಡೆಯವರು ಎರಡು ಮಾಲೆ ತಂದು, ಯಾರದ್ದು ಮೇಲೆ ಬರಬೇಕೆಂದು ಮುಖ ದಪ್ಪ ಮಾಡಿಕೊಂಡರೆಂದು ಕೇಳಿದ್ದೇನೆ. ಅಲ್ಲಿ ಕಾಗದದ ಮಾತು ಎತ್ತಬೇಡಿ, ಅವರು ಎತ್ತಿದರೂ ಇವತ್ತು ಬೇಡ ಎನ್ನಿ. ಮೇಣದಬತ್ತಿ ಹೆಚ್ಚಿಗೆ ತೆಗೆದುಕೊಂಡು ಹೋಗಿ, ಗಾಳಿ ಇರುತ್ತದೆ, ಅವರಿಗೂ ಬೇಕಾದೀತು. ಅತ್ತಿಗೆ, ನಿಮಗೆ ಮಾತನಾಡಬೇಕೆನಿಸಿದರೆ ರಾತ್ರಿ ಒಂಬತ್ತರ ನಂತರ ನನಗೆ ಫೋನು ಮಾಡಿ, ಗುಂಪಿನಲ್ಲಿ ಉತ್ತರಿಸುವುದು ಬೇಡ. ಉಳಿದವರಿಗೆ ಒಂದು ವಿನಂತಿ: ಈ ಸಂದೇಶವನ್ನು ಅಂಕೋಲೆಯ ಯಾರಿಗೂ ಫಾರ್ವರ್ಡ್ ಮಾಡಬೇಡಿ.