ಬಿಳಿ ಪುಡಿ ಯಾವ ಡ್ರಗ್ ಅಂತ ಲ್ಯಾಬ್‌ನಲ್ಲಿ ಹೇಗೆ ಪತ್ತೆ ಮಾಡುತ್ತಾರೆ?

ಹೈಸ್ಕೂಲ್ ವಿಜ್ಞಾನಿ:

ಎಲ್ಲರಿಗೂ ನಮಸ್ಕಾರ. ಸಿನಿಮಾದಲ್ಲಿ ಪೊಲೀಸ್ ಅಧಿಕಾರಿ ಪ್ಯಾಕೆಟ್ ಸೀಳಿ, ಕಿರುಬೆರಳಲ್ಲಿ ಒಂಚೂರು ಪುಡಿ ತೆಗೆದು ನಾಲಿಗೆಗೆ ಹಚ್ಚಿಕೊಂಡು "ಅಪ್ಪಟ ಮಾಲು" ಅಂತ ತಲೆಯಾಡಿಸುತ್ತಾನಲ್ಲ, ಅದು ಬರೀ ಶೋಕಿ ಅಂತ ಗೊತ್ತು. ನಿಜವಾಗಿ ಏನು ಮಾಡುತ್ತಾರೆ? ಕೊಕೇನ್, ಹೆರಾಯಿನ್, ಮೆಥ್, ಸಕ್ಕರೆ ಪುಡಿ, ಸೋಡಾ ಪುಡಿ, ಎಲ್ಲವೂ ಕಣ್ಣಿಗೆ ಬಿಳಿಯೇ ಅಲ್ವಾ? ಕಿಟ್‌ನಲ್ಲಿ ಹಾಕಿದರೆ ಬಣ್ಣ ಬರುತ್ತದೆ, ಬಣ್ಣ ನೋಡಿ ಹೇಳುತ್ತಾರೆ ಅಂತ ಎಲ್ಲೋ ಓದಿದ್ದೆ. ಬರೀ ಬಣ್ಣ ನೋಡಿ ಒಬ್ಬರನ್ನು ಜೈಲಿಗೆ ಕಳಿಸಬಹುದಾ? ನಾಲ್ಕು ಪುಡಿ ಬೆರೆಸಿಟ್ಟಿದ್ದರೆ ಏನು ಮಾಡುತ್ತಾರೆ? ನಾನು ವಿಜ್ಞಾನ ಓದಿದ್ದು ಹೈಸ್ಕೂಲಿನವರೆಗೆ ಮಾತ್ರ, ಅಷ್ಟು ನೆನಪಿಟ್ಟುಕೊಂಡು ಹೇಳಿ.

ಪಿಪೆಟ್:

ನಾಲಿಗೆಗೆ ಯಾರೂ ಹಚ್ಚುವುದಿಲ್ಲ. ಫೆಂಟನಿಲ್ (ಬಹಳ ತೀಕ್ಷ್ಣವಾದ ನೋವುನಿವಾರಕ) ಆಗಿದ್ದರೆ 2 ಮಿಲಿಗ್ರಾಂ ಜೀವ ತೆಗೆಯಲು ಸಾಕಾಗಬಹುದು. ರುಚಿ ನೋಡಿದವನು ರಿಪೋರ್ಟ್ ಬರೆಯಲು ಉಳಿಯಬೇಕಲ್ಲ.

ಬಣ್ಣದ ಪರೀಕ್ಷೆ ನಿಜ. ಹಳೇ ವಿದ್ಯೆ ಅದು. ಎಲ್ಲಕ್ಕಿಂತ ಹೆಸರಾದದ್ದು ಮಾರ್ಕಿಸ್ ದ್ರಾವಣ. ಈಗಿನ ಎಸ್ಟೋನಿಯಾದ ಟಾರ್ಟುವಿನಲ್ಲಿದ್ದ ಎಡ್ವರ್ಡ್ ಮಾರ್ಕಿಸ್ 1896ರಲ್ಲಿ ಇದರ ಬಗ್ಗೆ ಬರೆದದ್ದು, ಇವತ್ತಿಗೂ ಬಳಕೆಯಲ್ಲಿದೆ. ಗಾಢ ಸಲ್ಫ್ಯೂರಿಕ್ ಆಮ್ಲಕ್ಕೆ ಸ್ವಲ್ಪ ಫಾರ್ಮಾಲ್ಡಿಹೈಡ್ ಸೇರಿಸಿದ್ದು, ಇನ್ನೇನೂ ಇಲ್ಲ. ಮಾರ್ಫಿನ್, ಹೆರಾಯಿನ್ ಆದರೆ ನೇರಳೆ ಬಣ್ಣ. ಮೆಥ್ ಆದರೆ ಕಿತ್ತಳೆ, ಆಮೇಲೆ ಕಂದು. ಎಂಡಿಎಂಎ (ಎಕ್ಸ್‌ಟಸಿ) ಆದರೆ ಹೆಚ್ಚುಕಮ್ಮಿ ಕಪ್ಪು. ಕೊಕೇನ್‌ಗೆ ಬೇರೆ ದ್ರಾವಣ, ಕೋಬಾಲ್ಟ್ ಥಯೋಸಯನೇಟ್. ಅದರಲ್ಲಿ ಕಡು ನೀಲಿ ಬರುತ್ತದೆ. ಎಲ್‌ಎಸ್‌ಡಿಗೆ ಎರ್ಲಿಕ್ ದ್ರಾವಣ.

ತೊಂದರೆ ಏನಪ್ಪಾ ಅಂದರೆ ದ್ರಾವಣಕ್ಕೆ ಇಡೀ ಅಣು ಗೊತ್ತಾಗುವುದಿಲ್ಲ. ಅಣುವಿನ ಒಂದು ಮೂಲೆಯ ಜೊತೆ ಮಾತ್ರ ಅದು ವರ್ತಿಸುತ್ತದೆ. ಅಂಥದೇ ಮೂಲೆ ಇರುವ ಬೇರೆ ಯಾವ ವಸ್ತು ಸಿಕ್ಕಿದರೂ ಅದೇ ಬಣ್ಣ. ಅಲರ್ಜಿ ಮಾತ್ರೆಯಲ್ಲಿರುವ ಡೈಫೆನ್‌ಹೈಡ್ರಮಿನ್, ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಲಿಡೋಕೇನ್, ಎರಡೂ ಕೋಬಾಲ್ಟ್‌ನಲ್ಲಿ ನೀಲಿಯಾಗಬಲ್ಲವು. 2015ರಲ್ಲಿ ಅಮೆರಿಕದ ಒರ್ಲಾಂಡೋದಲ್ಲಿ ಒಬ್ಬರ ಕಾರಿನಲ್ಲಿ ಬಿದ್ದಿದ್ದ ಬಿಳಿ ಚೂರುಗಳನ್ನು ಪೊಲೀಸರು ಸ್ಥಳದಲ್ಲೇ ಕಿಟ್‌ಗೆ ಹಾಕಿ ಮೆಥ್ ಅಂತ ಬಂಧಿಸಿದರು. ಲ್ಯಾಬ್‌ನಲ್ಲಿ ನೋಡಿದರೆ ಡ್ರಗ್ ಏನೂ ಇರಲಿಲ್ಲ. ಅದು ಡೋನಟ್ ಮೇಲಿನ ಸಕ್ಕರೆ ಲೇಪ. ಆಮೇಲೆ ನಗರಾಡಳಿತ 37,500 ಡಾಲರ್ ಪರಿಹಾರ ಕೊಟ್ಟಿತು. ಹಾಗಾಗಿ ಬಣ್ಣ ಬಂದರೆ "ಮುಂದೆ ನೋಡಬೇಕು" ಅಂತ ಅರ್ಥ, ಅಷ್ಟೇ. ಜೈಲಿಗೆ ಕಳಿಸುವ ಸಾಕ್ಷಿ ಅದಲ್ಲ.

ನಿಜವಾದ ಕೆಲಸ ಜಿಸಿ-ಎಂಎಸ್ ಅನ್ನುವ ಯಂತ್ರದ್ದು. ನಿಮ್ಮ ನಾಲ್ಕು ಪುಡಿಯ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಪುಡಿಯನ್ನು ಮೆಥನಾಲ್ ಥರದ ದ್ರವದಲ್ಲಿ ಕರಗಿಸಿ, ಅದರಲ್ಲಿ ಒಂದು ಮೈಕ್ರೋಲೀಟರ್ ಮಾತ್ರ ಒಳಗೆ ಬಿಡುತ್ತಾರೆ. ಒಳಗೆ 250 ಡಿಗ್ರಿ ಆಸುಪಾಸಿನ ಬಿಸಿ, ಕ್ಷಣದಲ್ಲಿ ಎಲ್ಲವೂ ಆವಿ. ಆ ಆವಿಯನ್ನು ಹೀಲಿಯಂ ಅನಿಲ ಒಂದು ಕೊಳವೆಯಲ್ಲಿ ತಳ್ಳಿಕೊಂಡು ಹೋಗುತ್ತದೆ. ಕೊಳವೆ ಸಾಮಾನ್ಯವಾಗಿ 30 ಮೀಟರ್ ಉದ್ದ, ಒಳಗಿನ ಅಗಲ ಕಾಲು ಮಿಲಿಮೀಟರ್, ಸುರುಳಿ ಸುತ್ತಿ ಓವನ್ ಒಳಗೆ ಇಟ್ಟಿರುತ್ತಾರೆ. ಕೊಳವೆಯ ಒಳಮೈಗೆ ಒಂದು ತೆಳು ಲೇಪ ಇರುತ್ತದೆ. ಅದಕ್ಕೆ ಜಾಸ್ತಿ ಅಂಟಿಕೊಳ್ಳುವ ವಸ್ತು ತಡವಾಗಿ ಹೊರಬರುತ್ತದೆ, ಕಡಿಮೆ ಅಂಟುವುದು ಬೇಗ ಬರುತ್ತದೆ. ಕೆಫೀನ್, ಪ್ಯಾರಾಸಿಟಮಾಲ್, ಹೆರಾಯಿನ್ ಎಲ್ಲ ಕಲಸಿದ್ದರೂ ಒಂದೊಂದು ಒಂದೊಂದು ಹೊತ್ತಿಗೆ ಬೇರೆಬೇರೆಯಾಗಿ ಆಚೆ ಬರುತ್ತವೆ.

ಹೊರಬಂದ ತಕ್ಷಣ ಅದರ ಮೇಲೆ 70 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್‌ಗಳ ದಾಳಿ. ಅಣು ಒಡೆದು ಚೂರಾಗುತ್ತದೆ. ಒಂದೇ ಅಚ್ಚಿನ ಮಡಕೆಗಳು ಪ್ರತಿ ಸಲವೂ ಒಂದೇ ಲೆಕ್ಕದಲ್ಲಿ ಒಡೆದರೆ ಹೇಗಿರುತ್ತೋ ಹಾಗೆ, ಒಂದು ವಸ್ತು ಯಾವಾಗಲೂ ಅದೇ ತೂಕದ ಚೂರುಗಳನ್ನೇ ಕೊಡುತ್ತದೆ. ಕೊಕೇನ್‌ನಲ್ಲಿ 82 ಮತ್ತು 182 ಎದ್ದು ಕಾಣುತ್ತವೆ, ಒಡೆಯದೆ ಉಳಿದ ಇಡೀ ಅಣು 303ರಲ್ಲಿ. ಫೆಂಟನಿಲ್‌ನಲ್ಲಿ 245. ಈ ಮಾದರಿಯನ್ನು ಕಂಪ್ಯೂಟರ್‌ನಲ್ಲಿರುವ ಸಾವಿರಾರು ಮಾದರಿಗಳ ಜೊತೆ ಹೋಲಿಸುತ್ತಾರೆ. ಕಂಪ್ಯೂಟರ್ ಹೇಳಿದ್ದನ್ನೇ ನಂಬಿಬಿಡುವುದಿಲ್ಲ, ಅದೇ ಯಂತ್ರದಲ್ಲಿ ಶುದ್ಧ ಕೊಕೇನ್ ಹಾಕಿ ಅದೂ ಅದೇ ನಿಮಿಷಕ್ಕೆ ಹೊರಬರುತ್ತದಾ ಅಂತ ನೋಡುತ್ತಾರೆ.

ಕನ್ನಡಿಬಿಂಬ:

ಪಿಪೆಟ್ ಅವರು ಚೆನ್ನಾಗಿ ವಿವರಿಸಿದ್ದಾರೆ, ಆದರೆ ಜಿಸಿ-ಎಂಎಸ್ ಬಂದರೆ ಕಥೆ ಮುಗಿಯಿತು ಅನ್ನುವ ಹಾಗೆ ಕೇಳಿಸುತ್ತಿದೆ. ಅಷ್ಟು ಸುಲಭ ಇಲ್ಲ.

ಮೆಥ್ ತೆಗೆದುಕೊಳ್ಳಿ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವ ಚೂರಿನ ತೂಕ 58. ಶೀತದ ಮಾತ್ರೆಯಲ್ಲಿರುವ ಸ್ಯೂಡೋಎಫೆಡ್ರಿನ್‌ನದೂ 58. ಎಂಡಿಎಂಎದೂ 58. ಸಣ್ಣಪುಟ್ಟ ಚೂರುಗಳನ್ನೂ ಹೊರಬಂದ ಸಮಯವನ್ನೂ ಸೇರಿಸಿ ನೋಡದಿದ್ದರೆ ಎಡವುವುದು ಗ್ಯಾರಂಟಿ. ಇನ್ನೊಂದು ತಲೆನೋವು ಫ್ಲೋರೋಫೆಂಟನಿಲ್ ಥರದವು. ಫೆಂಟನಿಲ್ ಅಣುವಿಗೆ ಸೇರಿದ ಫ್ಲೋರಿನ್ ಪರಮಾಣು ಅಣುವಿನಲ್ಲಿರುವ ಉಂಗುರದ ಯಾವ ಜಾಗದಲ್ಲಿ ಕೂತಿದೆ ಅನ್ನುವುದಷ್ಟೇ ವ್ಯತ್ಯಾಸ, ಚೂರುಗಳ ಮಾದರಿ ನೋಡಿದರೆ ಅಣ್ಣ ಯಾರು ತಮ್ಮ ಯಾರು ಗೊತ್ತಾಗುವುದಿಲ್ಲ. ಅಲ್ಲಿ ಇನ್‌ಫ್ರಾರೆಡ್ ಬೇಕು. ಪುಡಿಯ ಮೇಲೆ ಇನ್‌ಫ್ರಾರೆಡ್ ಬೆಳಕು ಬಿಟ್ಟು ಯಾವ ಯಾವ ಅಲೆಗಳನ್ನು ಅದು ಹೀರಿಕೊಂಡಿತು ಅಂತ ನೋಡುವುದು. ಈ ಅವಳಿಗಳು ಅಲ್ಲಿ ಬೇರೆಬೇರೆ ಕಾಣುತ್ತವೆ. ಕೊಕೇನ್ ಪುಡಿ ಮತ್ತು ಕ್ರ್ಯಾಕ್ (ಸೇದುವ ರೂಪದ ಕೊಕೇನ್) ನಡುವಿನ ವ್ಯತ್ಯಾಸವೂ ಅಲ್ಲಿ ಸಿಗುತ್ತದೆ, ಜಿಸಿ-ಎಂಎಸ್‌ನಲ್ಲಿ ಎರಡೂ ಒಂದೇ. ಆದರೆ ಇನ್‌ಫ್ರಾರೆಡ್‌ಗೆ ಬೆರಕೆ ಕಂಡರೆ ಆಗುವುದಿಲ್ಲ, ಎಲ್ಲದರ ಗೆರೆಗಳೂ ಒಂದರ ಮೇಲೊಂದು ಬಿದ್ದು ಗೋಜಲು. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು.

ಬಿಸಿ ಮಾಡುವುದೂ ಒಂದು ಸಮಸ್ಯೆ. ಕೆಲವು ಅಣಬೆಗಳಲ್ಲಿರುವ ಸಿಲೋಸೈಬಿನ್ ಆ ಬಿಸಿಗೆ ಸಿಲೋಸಿನ್ ಆಗಿಬಿಡುತ್ತದೆ. ಗಾಂಜಾದ ಟಿಎಚ್‌ಸಿಎ ಟಿಎಚ್‌ಸಿ (ನಶೆ ಕೊಡುವ ವಸ್ತು) ಆಗುತ್ತದೆ. ಒಳಗೆ ಹಾಕಿದ್ದು ಒಂದು, ಯಂತ್ರ ತೋರಿಸಿದ್ದು ಇನ್ನೊಂದು! ಅಂಥದ್ದಕ್ಕೆ ಆವಿ ಮಾಡದೆ ದ್ರವದಲ್ಲೇ ಬೇರ್ಪಡಿಸುವ ಎಲ್‌ಸಿ ಬಳಸುತ್ತಾರೆ.

ನನ್ನ ಹೆಸರಿಗೆ ತಕ್ಕ ಹಾಗೆ ಕೊನೆಯದು: ಮೆಥ್ ಅಣುವಿಗೆ ಎಡಗೈ ಬಲಗೈ ಥರ ಎರಡು ರೂಪ. ಒಂದು ನಶೆಯ ಡ್ರಗ್. ಇನ್ನೊಂದು ಅಮೆರಿಕದಲ್ಲಿ ಕಟ್ಟಿದ ಮೂಗಿಗೆ ಹಿಡಿಯುವ ಇನ್‌ಹೇಲರ್‌ನಲ್ಲಿ ಚೀಟಿ ಇಲ್ಲದೆ ಸಿಗುತ್ತಿದ್ದ ಔಷಧಿ. ಮಾಮೂಲಿ ಜಿಸಿ-ಎಂಎಸ್‌ಗೆ ಇವೆರಡರ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಅದಕ್ಕೇ ಅಂತ ಬೇರೆ ಲೇಪದ ಕೊಳವೆ ಹಾಕಬೇಕು.

ಸ್ವಗ್‌ಡ್ರಗ್ ಅಂತ 1997ರಲ್ಲಿ ಶುರುವಾದ ತಜ್ಞರ ಗುಂಪು ಒಂದಿದೆ. ಅವರು ಎಲ್ಲ ಪರೀಕ್ಷೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದ್ದಾರೆ. ಮಾಸ್ ಸ್ಪೆಕ್ಟ್ರಮ್ (ಮೇಲೆ ಹೇಳಿದ ಚೂರುಗಳ ತೂಕದ ಮಾದರಿ), ಇನ್‌ಫ್ರಾರೆಡ್, ಎನ್‌ಎಂಆರ್ (ಕಾಂತದ ನೆರವಿನಿಂದ ಅಣುವಿನ ರಚನೆ ನೋಡುವ ವಿಧಾನ) ಇವೆಲ್ಲ ಎ. ಬಣ್ಣದ ಪರೀಕ್ಷೆ ಎಲ್ಲಕ್ಕಿಂತ ಕೆಳಗೆ, ಸಿ. ಎ ದರ್ಜೆಯದ್ದು ಮಾಡಿದರೂ ಅದೊಂದೇ ಸಾಲದು, ಜೊತೆಗೆ ಇನ್ನೊಂದು ವಿಧಾನ ಇರಲೇಬೇಕು ಅನ್ನುವುದು ಅವರ ಮಾತು. ನನಗೆ ಅದು ಕನಿಷ್ಠ ಅನ್ನಿಸುತ್ತದೆ, ಗರಿಷ್ಠ ಅಲ್ಲ.

ಹೈಸ್ಕೂಲ್ ವಿಜ್ಞಾನಿ:

ಇಬ್ಬರಿಗೂ ಥ್ಯಾಂಕ್ಸ್. ಮಡಕೆ ಅರ್ಥ ಆಯಿತು, ಉಂಗುರದ ಫ್ಲೋರಿನ್ ಅರ್ಧ ಆಯಿತು. ಇನ್ನೊಂದು ಕೇಳಲಾ? ಸಾವಿರ ಪ್ಯಾಕೆಟ್ ಸಿಕ್ಕಿದರೆ ಸಾವಿರವನ್ನೂ ಯಂತ್ರಕ್ಕೆ ಹಾಕುತ್ತಾರಾ?

ಪಿಪೆಟ್:

ಇಲ್ಲ, ಹಾಗೆ ಮಾಡಿದರೆ ಲ್ಯಾಬ್ ಬಾಗಿಲು ಮುಚ್ಚಬೇಕಾಗುತ್ತದೆ. ಮೊದಲು ಎಲ್ಲವೂ ನೋಡಲು ಒಂದೇ ಥರ ಇವೆಯಾ ಅಂತ ಬೇರ್ಪಡಿಸಿ ಗುಂಪು ಮಾಡುತ್ತಾರೆ. ಬಣ್ಣ, ಪ್ಯಾಕಿಂಗ್, ಪುಡಿಯ ಸ್ವರೂಪ ಬೇರೆ ಇದ್ದರೆ ಬೇರೆ ಗುಂಪು. ಆಮೇಲೆ ಒಂದು ಗುಂಪಿನಿಂದ ಕಣ್ಣು ಮುಚ್ಚಿ ತೆಗೆದ ಹಾಗೆ ಕೆಲವನ್ನು ಆರಿಸುತ್ತಾರೆ. ಎಷ್ಟು ಅನ್ನುವುದಕ್ಕೆ ಸಂಖ್ಯಾಶಾಸ್ತ್ರದ ಲೆಕ್ಕ ಇದೆ. "ಕನಿಷ್ಠ ಶೇ. 90 ಪ್ಯಾಕೆಟ್‌ಗಳಲ್ಲಿ ಡ್ರಗ್ ಇದೆ" ಅಂತ ಶೇ. 95 ವಿಶ್ವಾಸದಿಂದ ಹೇಳಬೇಕಾದರೆ, 100 ಪ್ಯಾಕೆಟ್‌ಗೆ 23 ಪರೀಕ್ಷಿಸಬೇಕು. 1000ಕ್ಕೆ ಎಷ್ಟು ಗೊತ್ತಾ? 28 ಸಾಕು. ಆದರೆ ಆರಿಸಿದ ಅಷ್ಟರಲ್ಲೂ ಡ್ರಗ್ ಸಿಗಬೇಕು, ಒಂದರಲ್ಲಿ ಇಲ್ಲದಿದ್ದರೂ ಲೆಕ್ಕ ಮತ್ತೆ ಮೊದಲಿಂದ.

ಸಂಶಯರಾಯ:

ಯಂತ್ರದ ಪುರಾಣ ಎಲ್ಲ ಸರಿ ಸ್ವಾಮಿ. ಯಂತ್ರಕ್ಕೆ ಪುಡಿ ಹಾಕುವುದು ಮನುಷ್ಯ ತಾನೇ? ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಒಬ್ಬ ಕೆಮಿಸ್ಟ್ ಎಷ್ಟೋ ಸ್ಯಾಂಪಲ್‌ಗಳನ್ನು ಪರೀಕ್ಷೆಯೇ ಮಾಡದೆ, ಸುಮ್ನೆ ಕಣ್ಣಲ್ಲಿ ನೋಡಿ ಡ್ರಗ್ ಅಂತ ಬರೆದುಬಿಟ್ಟಿದ್ದರು. 2012ರಲ್ಲಿ ಬಂಧನ, 2013ರಲ್ಲಿ ತಪ್ಪೊಪ್ಪಿಗೆ, 2017ರಲ್ಲಿ 21,000ಕ್ಕೂ ಹೆಚ್ಚು ಕೇಸ್ ರದ್ದು. ಅದೇ ರಾಜ್ಯದ ಇನ್ನೊಂದು ಲ್ಯಾಬ್‌ನಲ್ಲಿ ಇನ್ನೊಬ್ಬರು ಪರೀಕ್ಷೆಗೆ ಬಂದ ಡ್ರಗ್ ತಾವೇ ಸೇವಿಸುತ್ತಿದ್ದರು. 70 ಎಲೆಕ್ಟ್ರಾನ್ ವೋಲ್ಟ್ ಇದ್ದರೇನು, 700 ಇದ್ದರೇನು?

ಪಿಪೆಟ್:

ಸಂಶಯರಾಯರೇ, ಇದಕ್ಕೆ ನನ್ನದು ತಕರಾರಿಲ್ಲ. ಹೆಚ್ಚಿನ ದೊಡ್ಡ ಹಗರಣಗಳು ನಡೆದಿರುವುದು ಕಪಾಟಿನ ಹತ್ತಿರ ಮತ್ತು ರಿಜಿಸ್ಟರ್‌ನಲ್ಲಿ, ಯಂತ್ರದ ಒಳಗಲ್ಲ. ಅದಕ್ಕೇ ಪ್ಯಾಕೆಟ್ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಸೀಲ್ ಹೇಗಿತ್ತು, ಬಂದಾಗ ತೂಕ ಎಷ್ಟು, ಪರೀಕ್ಷೆ ಆದ ಮೇಲೆ ಎಷ್ಟು, ಪ್ರತಿಯೊಂದಕ್ಕೂ ಸಹಿ ಇರಬೇಕು. ಬಂದಾಗ 12 ಗ್ರಾಂ ಇದ್ದದ್ದು ವಾಪಸ್ ಹೋಗುವಾಗ 9 ಆಗಿದ್ದರೆ ಯಾರಾದರೂ ಉತ್ತರ ಹೇಳಲೇಬೇಕು. ಯಂತ್ರಕ್ಕೂ ಒಂದು ಕಾವಲಿದೆ. ಪ್ರತಿ ಸ್ಯಾಂಪಲ್‌ಗೆ ಮೊದಲು ಬರೀ ಮೆಥನಾಲ್ ಹಾಕಿ ಓಡಿಸುತ್ತಾರೆ, ಅದರಲ್ಲಿ ಕೊಕೇನ್ ಕಂಡರೆ ಹಿಂದಿನ ಕೇಸಿನ ಕೊಳೆ ಉಳಿದಿದೆ ಅಂತ ಅರ್ಥ. ವಕೀಲರು ರಿಪೋರ್ಟ್‌ನ ಕೊನೇ ಸಾಲನ್ನು ಮಾತ್ರ ಓದುವುದನ್ನು ಬಿಟ್ಟು ಈ ಖಾಲಿ ಓಟದ ಗ್ರಾಫ್ ಕೇಳಬೇಕು. ಕೇಳುವವರು ಕಡಿಮೆ.

ಎಲೆ ಮತ್ತು ಲೆನ್ಸ್:

ಎಲ್ಲರೂ ಪುಡಿಯಲ್ಲೇ ಮುಳುಗಿದ್ದೀರಿ, ಗಿಡ ಮರೆತಿರಿ. ಗಾಂಜಾ ಬಂದರೆ ಮೊದಲು ಕೈಗೆತ್ತಿಕೊಳ್ಳುವುದು ಮೈಕ್ರೋಸ್ಕೋಪ್. ಎಲೆಯ ಮೇಲ್ಭಾಗದಲ್ಲಿ ಕರಡಿ ಉಗುರಿನ ಆಕಾರದ ಸಣ್ಣ ರೋಮಗಳು, ಅವುಗಳ ಬುಡದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಗಂಟು. ಅದನ್ನು ನೋಡಿ, ಆಮೇಲೆ ಡುಕೆನ್ವಾ-ಲೆವಿನ್ ಅನ್ನುವ ಬಣ್ಣದ ಪರೀಕ್ಷೆ ಮಾಡಿ ಎಷ್ಟೋ ವರ್ಷ ಕೆಲಸ ನಡೆಯಿತು. ಈಗ ಅಷ್ಟು ಸಾಲದು. ಅಮೆರಿಕ 2018ರಲ್ಲಿ ಟಿಎಚ್‌ಸಿ ಶೇ. 0.3 ಮೀರದ ಗಿಡವನ್ನು ಹೆಂಪ್ ಅಂತ ಕಾನೂನುಬದ್ಧ ಮಾಡಿತು. ಹೆಂಪ್ ಎಲೆಗೂ ಅದೇ ರೋಮ, ಅದೇ ಬಣ್ಣ! ರಾತ್ರೋರಾತ್ರಿ ಅಲ್ಲಿನ ಲ್ಯಾಬ್‌ಗಳು "ಇದೆಯಾ ಇಲ್ಲವಾ" ಅನ್ನುವುದನ್ನು ಬಿಟ್ಟು "ಎಷ್ಟಿದೆ" ಅಂತ ಅಳೆಯಬೇಕಾಯಿತು. ಪತ್ತೆ ಮಾಡುವುದಕ್ಕಿಂತ ಅಳೆಯುವುದು ಬಹಳ ನಿಧಾನದ ಕೆಲಸ.

ಹೈಸ್ಕೂಲ್ ವಿಜ್ಞಾನಿ:

ಕೊನೇ ಪ್ರಶ್ನೆ, ಆಮೇಲೆ ಬಿಟ್ಟುಬಿಡುತ್ತೇನೆ. ಮೂತ್ರ ಪರೀಕ್ಷೆಯೂ ಇದೇ ದಾರಿಯಾ?

ಕನ್ನಡಿಬಿಂಬ:

ದಾರಿ ಅದೇ, ಹುಡುಕುವ ವಸ್ತು ಬೇರೆ. ದೇಹ ಡ್ರಗ್ ಅನ್ನು ಹಾಗೇ ಬಿಡುವುದಿಲ್ಲ, ಬದಲಾಯಿಸುತ್ತದೆ. ಕೊಕೇನ್ ತೆಗೆದುಕೊಂಡವರ ಮೂತ್ರದಲ್ಲಿ ಮುಖ್ಯವಾಗಿ ಹುಡುಕುವುದು ಕೊಕೇನ್ ಹೀಗೆ ಬದಲಾಗಿ ಆದ ಬೆಂಜೋಯ್ಲ್‌ಎಕ್ಗೊನಿನ್ ಅನ್ನುವ ವಸ್ತು. ಮೊದಲು ಆ್ಯಂಟಿಬಾಡಿ ಬಳಸುವ ಅಗ್ಗದ ಪರೀಕ್ಷೆ, ಪಾಸಿಟಿವ್ ಬಂದರೆ ಮಾಸ್ ಸ್ಪೆಕ್ಟ್ರಮ್.

ಇಲ್ಲಿ ಮಜಾ ಇರುವುದು ಹೆರಾಯಿನ್ ವಿಷಯದಲ್ಲಿ. ಅದು ದೇಹದಲ್ಲಿ ಮಾರ್ಫಿನ್ ಆಗುತ್ತದೆ. ಗಸಗಸೆಯಲ್ಲೂ ಸ್ವಲ್ಪ ಮಾರ್ಫಿನ್ ಇದೆ, ಗಸಗಸೆ ಹಾಕಿದ್ದು ತಿಂದವರೂ ಪಾಸಿಟಿವ್ ಬಂದು ಪೇಚಿಗೆ ಸಿಕ್ಕಿದ್ದುಂಟು. ಅಮೆರಿಕದ ಸರ್ಕಾರಿ ಉದ್ಯೋಗ ಪರೀಕ್ಷೆಗಳಲ್ಲಿ ಮಿತಿ ಒಂದು ಮಿಲಿಲೀಟರ್‌ಗೆ 300 ನ್ಯಾನೋಗ್ರಾಂ ಇದ್ದದ್ದನ್ನು 1998ರಲ್ಲಿ 2000ಕ್ಕೆ ಏರಿಸಿದ್ದು ಇದೇ ಕಾರಣಕ್ಕೆ. ಹೆರಾಯಿನ್ ಮಾರ್ಫಿನ್ ಆಗುವ ದಾರಿಯಲ್ಲಿ ನಡುವೆ 6-ಎಂಎಎಂ ಅನ್ನುವ ವಸ್ತು ಬರುತ್ತದೆ. ಗಸಗಸೆ ತಿಂದರೆ ಅದು ಬರುವುದಿಲ್ಲ. ಅದು ಕಂಡರೆ ಹೆರಾಯಿನ್ ಅಂತ ಧೈರ್ಯವಾಗಿ ಬರೆಯಬಹುದು. ಆದರೆ ಮೂತ್ರದಲ್ಲಿ ಅದು ಸಿಗುವುದು ಹೆಚ್ಚೆಂದರೆ ಒಂದು ದಿನದ ಮಟ್ಟಿಗೆ, ಹಾಗಾಗಿ ಕಾಣಲಿಲ್ಲ ಅಂದ ಮಾತ್ರಕ್ಕೆ ಹೆರಾಯಿನ್ ಅಲ್ಲ ಅಂತ ಬರೆಯುವ ಹಾಗಿಲ್ಲ.