ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮೊದಲು ಏನೇನು ವಿಚಾರಿಸಬೇಕು? – ಅನುಭವ ಹಂಚಿಕೆ

ಪ್ರಶ್ನೆ (ದಾವಣಗೆರೆಯಿಂದ)

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಗಾಂಜಾ ಆರಂಭಿಸಿದ ನನ್ನ ತಮ್ಮ ಈಗ ಟಪೆಂಟಡಾಲ್ ಎಂಬ ನೋವಿನ ಮಾತ್ರೆಯಿಲ್ಲದೆ ಇರಲಾರದ ಸ್ಥಿತಿಗೆ ಬಂದಿದ್ದಾನೆ. ಚಿಕಿತ್ಸೆಗೆ ತಾನಾಗಿಯೇ ಒಪ್ಪಿದ್ದಾನೆ. ಖಾಸಗಿ ಕೇಂದ್ರವೊಂದು ಅವನನ್ನು ಮೂರು ತಿಂಗಳು ಇರಿಸಿಕೊಳ್ಳುವುದಾಗಿಯೂ, ಮೊದಲ ತಿಂಗಳು ಭೇಟಿಯಾಗಲೀ ಫೋನಾಗಲೀ ಕೂಡದೆಂದೂ, ತಮ್ಮಲ್ಲಿಗೆ ಬಂದವರಲ್ಲಿ ಶೇ. 90ರಷ್ಟು ಮಂದಿ ಗುಣವಾಗಿದ್ದಾರೆಂದೂ ಹೇಳಿ, ಪೂರ್ತಿ ಹಣವನ್ನು ಮುಂಗಡವಾಗಿ ಕೇಳುತ್ತಿದೆ. ಇಂಥ ಕೇಂದ್ರ ಒಳ್ಳೆಯದೋ ಅಲ್ಲವೋ ಎಂದು ನಮ್ಮಂಥವರು ತಿಳಿಯುವುದು ಹೇಗೆ?

ಉತ್ತರ (ಶಿವಮೊಗ್ಗದಿಂದ, ಅಣ್ಣನ ಚಿಕಿತ್ಸೆಯನ್ನು ನೋಡಿಕೊಂಡವರು)

ಮೊದಲು ಆ ಶೇ. 90ರ ಲೆಕ್ಕ ಕೇಳಿ. ಸೇರಿದವರೆಲ್ಲರೂ ಅದರಲ್ಲಿದ್ದಾರೆಯೇ, ಅವಧಿ ಮುಗಿಸಿದವರು ಮಾತ್ರವೇ? ಹೊರಗೆ ಬಂದು ಒಂದು ವರ್ಷ ಕಳೆದವರನ್ನು ಯಾರಾದರೂ ವಿಚಾರಿಸಿದ್ದಾರೆಯೇ? ಬೀಗ ಹಾಕಿದ ಕಟ್ಟಡದಲ್ಲಿ ಮೂರು ತಿಂಗಳು ಇದ್ದವನು ಹೊರಡುವ ದಿನ ಮಾತ್ರೆ ನುಂಗಿರುವುದಿಲ್ಲ ಎಂಬುದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. ಚಿಕಿತ್ಸೆ ಪಡೆದವರಲ್ಲಿ ಶೇ. 40ರಿಂದ 60ರಷ್ಟು ಮಂದಿ ಮತ್ತೆ ಬೀಳುವುದುಂಟು ಎಂದು ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆಯೇ ಹೇಳುತ್ತದೆ; ಹಾಗಿರುವಾಗ ಖಾತರಿ ಕೊಡುವವರ ಮಾತನ್ನು ನಾನಂತೂ ನಂಬುವುದಿಲ್ಲ.

ನನ್ನ ಅಣ್ಣನಿದ್ದ ಕೇಂದ್ರದ ಫಲಕದಲ್ಲಿ ಮನೋವೈದ್ಯರೊಬ್ಬರ ಹೆಸರು ದೊಡ್ಡದಾಗಿತ್ತು, ಆದರೆ ಅವರು ಅಲ್ಲಿ ಕಾಣಿಸಿಕೊಳ್ಳುತ್ತಿದ್ದುದು ಅಪರೂಪ. ಉಳಿದ ದಿನಗಳಲ್ಲಿ ಮಾತ್ರೆ ಹಂಚುವುದರಿಂದ ಹಿಡಿದು ಶಿಸ್ತು ಕಾಯುವವರೆಗೆ ಎಲ್ಲವನ್ನೂ ಮಾಡುತ್ತಿದ್ದವರು ಅಲ್ಲಿಯೇ ಹಿಂದೆ ರೋಗಿಗಳಾಗಿದ್ದವರು. ಅವರ ಅನುಭವಕ್ಕೆ ಬೆಲೆಯಿದೆ, ನಿಜ. ಆದರೆ ರಾತ್ರಿ ಫಿಟ್ಸ್ ಬಂದರೆ ಅನುಭವವೊಂದೇ ಸಾಲದು. ಮನೆಗೆ ಕಳಿಸುವಾಗ ಕೊಟ್ಟ ಡಿಸ್ಚಾರ್ಜ್ ಹಾಳೆಯಲ್ಲಿದ್ದದ್ದು ಎರಡೇ ಸಾಲು: ‘ಕೆಟ್ಟ ಸಹವಾಸ ಬಿಡುವುದು. ಸಮಯಕ್ಕೆ ಸರಿಯಾಗಿ ಊಟ ಮಾಡುವುದು.’ ಯಾವ ಔಷಧ ಕೊಟ್ಟಿದ್ದರು, ಯಾವುದನ್ನು ಮುಂದುವರಿಸಬೇಕು, ಮತ್ತೆ ಯಾವಾಗ ಬರಬೇಕು ಎಂಬುದರ ಸುಳಿವೇ ಇರಲಿಲ್ಲ. ಆದ್ದರಿಂದ ನೀವು ಹಣ ಕಟ್ಟುವ ಮೊದಲೇ ಅವರ ಡಿಸ್ಚಾರ್ಜ್ ಹಾಳೆಯ ಖಾಲಿ ನಮೂನೆಯನ್ನು ತೋರಿಸಲು ಹೇಳಿ. ಒಳಗಿನ ಮೂರು ತಿಂಗಳ ದಿನಚರಿಯನ್ನು ಎಲ್ಲರೂ ಚೆನ್ನಾಗಿಯೇ ವಿವರಿಸುತ್ತಾರೆ. ನಾಲ್ಕನೆಯ ತಿಂಗಳ ಬಗ್ಗೆ ಕೇಳಿದಾಗ ತಡವರಿಸುವವರೇ ಹೆಚ್ಚು.

ಉತ್ತರ (ಧಾರವಾಡದಿಂದ, ಮನೋರೋಗ ವಿಭಾಗದಿಂದ ನಿವೃತ್ತರಾದ ಶುಶ್ರೂಷಕಿ)

ಮೇಲಿನ ಮಾತಿಗೆ ವೈದ್ಯಕೀಯ ಕಾರಣವೂ ಇದೆ. ಟಪೆಂಟಡಾಲ್ ಅಫೀಮಿನಂತೆಯೇ ಕೆಲಸ ಮಾಡುವ ಓಪಿಯಾಯ್ಡ್ ಗುಂಪಿನ ಔಷಧ. ಅದನ್ನು ಬಿಟ್ಟಾಗ ಬರುವ ಮೈಕೈ ನೋವು, ಬೇಧಿ, ಮೂಗು ಸೋರುವಿಕೆ, ನಿದ್ದೆಗೇಡು ಸಾಮಾನ್ಯವಾಗಿ ವಾರ ಹತ್ತು ದಿನಗಳಲ್ಲಿ ತಗ್ಗುತ್ತವೆ, ಆದರೆ ಬೇಕೆಂಬ ಸೆಳೆತ ಅಷ್ಟು ಬೇಗ ಹೋಗುವುದಿಲ್ಲ. ಈ ನಡುವೆ ದೇಹವು ಹಳೆಯ ಪ್ರಮಾಣವನ್ನು ತಡೆದುಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಹೊರಗೆ ಬಂದವನು ಮೊದಲಿನಷ್ಟೇ ಮಾತ್ರೆ ತೆಗೆದುಕೊಂಡರೆ ಉಸಿರಾಟ ನಿಂತು ಸಾಯಬಹುದು. ಅದಕ್ಕಾಗಿಯೇ ಬಿಡುಗಡೆಯ ನಂತರದ ವಾರಗಳು ಬಹಳ ಅಪಾಯದವು. ಓಪಿಯಾಯ್ಡ್ ವ್ಯಸನಕ್ಕೆ ಕೊಡುವ ಔಷಧಗಳಾದ ಬ್ಯುಪ್ರೆನಾರ್ಫಿನ್ ಅಥವಾ ನಾಲ್ಟ್ರೆಕ್ಸೋನ್ ಬಗ್ಗೆ ಆ ಕೇಂದ್ರದವರು ಏನು ಹೇಳುತ್ತಾರೆಂದು ಕೇಳಿ ನೋಡಿ. ‘ಒಂದು ಚಟ ಬಿಡಿಸಲು ಇನ್ನೊಂದು ಚಟ ಅಂಟಿಸುವುದಿಲ್ಲ’ ಎಂಬ ಉತ್ತರ ಬಂದರೆ, ಓಪಿಯಾಯ್ಡ್ ವ್ಯಸನದ ಚಿಕಿತ್ಸೆ ಅವರಿಗೆ ತಿಳಿದಿಲ್ಲವೆಂದೇ ನನ್ನ ತೀರ್ಮಾನ.

ಇನ್ನು ಕಾನೂನು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳೂ ಸೇರಿವೆ. ಅಂಥವರನ್ನು ಒಳರೋಗಿಗಳಾಗಿ ಇಟ್ಟುಕೊಳ್ಳುವ ಕೇಂದ್ರವು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಲೇಬೇಕು. ನೋಂದಣಿ ಪತ್ರವನ್ನು ಕಣ್ಣಾರೆ ನೋಡಿ. ತಾನಾಗಿ ಸೇರಿದ ವಯಸ್ಕನು ಬಿಡುಗಡೆ ಕೇಳಿದರೆ, ಪರೀಕ್ಷಿಸಿ ನೋಡುವ ಅಗತ್ಯ ಕಂಡಾಗ ಮಾತ್ರ 24 ಗಂಟೆಯವರೆಗೆ ತಡೆಯಬಹುದೇ ಹೊರತು, ಮೂರು ತಿಂಗಳ ಬಾಂಡ್ ತೋರಿಸಿ ಕೂಡಿಹಾಕುವಂತಿಲ್ಲ. ಬಲವಂತವಾಗಿ ತಲೆ ಬೋಳಿಸುವುದು, ಸರಪಳಿ ಹಾಕುವುದು, ಬಲವಂತದ ದುಡಿಮೆ ಇವೆಲ್ಲವೂ ನಿಷಿದ್ಧ. ಭೇಟಿ ಮತ್ತು ಫೋನ್ ಕೂಡ ರೋಗಿಯ ಹಕ್ಕು. ಒಂದು ತಿಂಗಳು ಯಾರನ್ನೂ ಬಿಡುವುದಿಲ್ಲವೆಂಬ ನಿಯಮವೊಂದೇ ಸಾಕು, ನಾನಾದರೆ ಅಲ್ಲಿಂದಲೇ ಹಿಂದಿರುಗುತ್ತೇನೆ.

ಉತ್ತರ (ಮಂಗಳೂರಿನಿಂದ, ಚೇತರಿಸಿಕೊಳ್ಳುತ್ತಿರುವವರು)

ಹಿರಿಯರ ಮಾತನ್ನು ಒಪ್ಪುತ್ತಲೇ ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನನಗೆ ಮನೆಯಿಂದ ದೂರವಿರುವುದು ಅಗತ್ಯವಾಗಿತ್ತು, ಏಕೆಂದರೆ ಮಾತ್ರೆ ಮಾರುವವನು ನಮ್ಮ ಬೀದಿಯಲ್ಲೇ ಇದ್ದ. ಹಾಗಾಗಿ ಒಳರೋಗಿ ಚಿಕಿತ್ಸೆಯನ್ನೇ ತಳ್ಳಿಹಾಕಬೇಡಿ. ನಮ್ಮ ಕಡೆಯ ಮದ್ಯವರ್ಜನ ಶಿಬಿರಗಳಿಂದ ಕುಡಿತ ಬಿಟ್ಟವರನ್ನು ನಾನು ಬಲ್ಲೆ. ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಗಳ ಮೂಲಕ ಒಟ್ಟಿಗೆ ಸೇರುವ ಏರ್ಪಾಡೇ ಅವರನ್ನು ಹಿಡಿದು ನಿಲ್ಲಿಸಿದೆ. ಆದರೆ ಅವು ಕುಡಿತಕ್ಕೆಂದು ರೂಪಿಸಿದವು, ಮಾತ್ರೆಯ ವ್ಯಸನಕ್ಕೆ ವೈದ್ಯರೇ ಬೇಕು. ಮೂತ್ರ ಪರೀಕ್ಷೆಯ ಬಗ್ಗೆಯೂ ಕೇಳಿ: ಮಾರ್ಫಿನ್ ಪತ್ತೆಹಚ್ಚುವ ಸಾಮಾನ್ಯ ಪರೀಕ್ಷಾ ಪಟ್ಟಿಯಲ್ಲಿ ಟಪೆಂಟಡಾಲ್ ಕಾಣಿಸುವುದಿಲ್ಲ. ‘ಟೆಸ್ಟ್ ನೆಗೆಟಿವ್ ಬಂತು’ ಎಂದು ಹೇಳಿ ಮನೆಯವರನ್ನು ನಾನೇ ಬಹಳ ಕಾಲ ಸುಮ್ಮನಾಗಿಸಿದ್ದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಆ ಕೇಂದ್ರಕ್ಕೆ ಫೋನ್ ಮಾಡಿ ನೋಂದಣಿ ಸಂಖ್ಯೆಯನ್ನೂ ಮನೋವೈದ್ಯರು ಬರುವ ದಿನಗಳನ್ನೂ ಕೇಳಿದೆ. ‘ಮೊದಲು ಹುಡುಗನನ್ನು ಕರೆತನ್ನಿ, ಮಿಕ್ಕಿದ್ದು ಆಮೇಲೆ ಮಾತಾಡೋಣ’ ಎಂದರು. ಹಣ ಕಟ್ಟಿಲ್ಲ. ಮುಂದಿನ ವಾರ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಅವನನ್ನು ಹೊರರೋಗಿಯಾಗಿ ತೋರಿಸಿ, ದಾಖಲಾಗಬೇಕೋ ಬೇಡವೋ ಎಂಬುದನ್ನು ಅಲ್ಲಿಯ ವೈದ್ಯರಿಂದಲೇ ತಿಳಿಯುತ್ತೇವೆ. ಅಲ್ಲಿಯವರೆಗೆ ಮಾತ್ರೆಯನ್ನು ಪೂರ್ತಿ ನಿಲ್ಲಿಸಲು ಹೇಳಬೇಕೇ?

ಶುಶ್ರೂಷಕಿಯವರ ಉತ್ತರ

ನೀವಾಗಿ ನಿಲ್ಲಿಸಲೂ ಬೇಡಿ, ಹೆಚ್ಚಿಸಲೂ ಬಿಡಬೇಡಿ. ಇಂದೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ ಸಲಹೆ ಪಡೆಯಿರಿ. ಮಾತ್ರೆಯ ಜೊತೆಗೆ ಮದ್ಯವಾಗಲೀ ನಿದ್ದೆಮಾತ್ರೆಯಾಗಲೀ ಸೇರಬಾರದು, ಉಸಿರು ಕಟ್ಟುವ ಅಪಾಯ ಬಹಳ ಹೆಚ್ಚುತ್ತದೆ. ನಿದ್ದೆಯಲ್ಲಿ ಗೊರಕೆ ವಿಚಿತ್ರವಾಗಿ ಕೇಳಿಸಿ, ತುಟಿ ನೀಲಿಯಾಗಿ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಬರುವಾಗ ಅವನು ನುಂಗಿದ ಮಾತ್ರೆಗಳ ಖಾಲಿ ಶೀಟುಗಳನ್ನು ಎಸೆಯದೆ ತನ್ನಿ. ಒಂದು ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಇದೆ, ದಿನಕ್ಕೆ ಎಷ್ಟು ಹೋಗುತ್ತಿತ್ತು ಎಂಬುದನ್ನೂ ನೋಡಿ ವೈದ್ಯರು ಮೊದಲ ಔಷಧವನ್ನು ನಿರ್ಧರಿಸುತ್ತಾರೆ.