ಸಹಾಯ ಬೇಕು: ಎರಡು ಸೈನ್ ಅಲೆಗಳನ್ನು ಕೂಡಿಸಿದಾಗ ಆವರ್ತಕಾಲ ಎಷ್ಟು?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ನವನಗರದಲ್ಲಿ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುತ್ತೇನೆ. ಹೆಚ್ಚಿನವರು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಗಣಿತ ಬಲ್ಲ ಹಿರಿಯರ ನೆರವು ಬೇಕಾಗಿದೆ.

ಒಂದೇ ಅಲೆಯ ಮಟ್ಟಿಗೆ ಮಕ್ಕಳಿಗೆ ಗೊಂದಲವಿಲ್ಲ. ಸೈನ್ 2ಎಕ್ಸ್‌ನ ಆವರ್ತಕಾಲ (ಅಲೆ ಒಂದು ಸುತ್ತು ಮುಗಿಸಿ ಮತ್ತೆ ಮೊದಲಿನಂತೆಯೇ ಶುರುವಾಗಲು ಬೇಕಾದ ಅತಿ ಚಿಕ್ಕ ಅಂತರ) 2ಪೈ ಅಲ್ಲ, ಪೈ; ಒಳಗಿನ ಕೋನ ಇಮ್ಮಡಿ ವೇಗದಲ್ಲಿ ಬೆಳೆಯುವುದರಿಂದ ಸುತ್ತು ಅರ್ಧದಲ್ಲೇ ಮುಗಿಯುತ್ತದೆ. ಮನೆಯ ಕರೆಂಟಿನ ಉದಾಹರಣೆಯಂತೂ ಅವರಿಗೆ ಬಹಳ ಹಿಡಿಸಿತು: 50 ಹರ್ಟ್ಸ್ ಎಂದರೆ ಸೆಕೆಂಡಿಗೆ 50 ಸುತ್ತು, ಒಂದು ಸುತ್ತಿಗೆ 0.02 ಸೆಕೆಂಡ್, ಆದ್ದರಿಂದ ಸೈನ್‌ನ ಒಳಗೆ 100ಪೈ ಟಿ.

ತೊಡಕು ಇರುವುದು ಸೈನ್ 2ಎಕ್ಸ್ + ಸೈನ್ 3ಎಕ್ಸ್‌ನಲ್ಲಿ. ಮೊದಲನೆಯದರ ಆವರ್ತಕಾಲ ಪೈ, ಎರಡನೆಯದರದು 2ಪೈ/3. ಇವೆರಡರ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆದರೆ 2ಪೈ ಬರುತ್ತದೆ. ಒಂದು ಎರಡು ಸುತ್ತು, ಇನ್ನೊಂದು ಮೂರು ಸುತ್ತು ಮುಗಿಸಿ ಅಲ್ಲಿ ಕೂಡುತ್ತವೆ. ಇಷ್ಟು ಸರಿ. ಆದರೆ ಅದಕ್ಕಿಂತ ಚಿಕ್ಕ ಆವರ್ತಕಾಲ ಇರಲಾರದು ಎಂದು ಸಾಧಿಸುವುದು ಹೇಗೆ ಎಂದು ಒಬ್ಬ ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. |ಸೈನ್ ಎಕ್ಸ್|, |ಕಾಸ್ ಎಕ್ಸ್| ಎರಡರ ಆವರ್ತಕಾಲವೂ ಪೈ, ಕೂಡಿಸಿದರೆ ಪೈ/2! ಲ.ಸಾ.ಅ. ಅಲ್ಲಿ ಕೈಕೊಡುತ್ತದೆ.

ಕಲನಶಾಸ್ತ್ರ ಬಳಸದೆ, ಪ್ರಥಮ ಪಿಯುಸಿ ಮಟ್ಟದಲ್ಲೇ ಇದನ್ನು ಸಾಧಿಸುವ ದಾರಿ ತಿಳಿದವರು ದಯವಿಟ್ಟು ಬರೆಯಿರಿ. ಸೈನ್ ಎಕ್ಸ್ + ಸೈನ್ (√2)ಎಕ್ಸ್ ಏಕೆ ಆವರ್ತಕವೇ ಅಲ್ಲ ಎಂಬುದಕ್ಕೂ ಅದೇ ದಾರಿ ಹೊಂದುವುದಾದರೆ ಇನ್ನೂ ಒಳ್ಳೆಯದು. ಕಾಗದದ ಮೇಲೆ ಬಿಡಿಸಿ ಫೋಟೊ ಹಾಕಿದರೂ ಸಾಕು.